ದಾಸವಾಳ ಕ್ರಾಸ್ ಮಾಡ್ತೀರಾ? ಮೊದಲು ಚೀಟಿ ಕಟ್ಟಿ

ಶಿವಮೊಗ್ಗ: ಹಳದಿ ಜೋಡು ದಾಸವಾಳ ಅಂತ ದುಡ್ಡು ಕೊಟ್ಟು ತಂದ ಸಸಿ ವರ್ಷ ಕಳೆದ ಮೇಲೆ ಗುಲಾಬಿ ಬಣ್ಣದ ಒಂಟಿ ಹೂ ಬಿಟ್ಟರೆ ತಪ್ಪು ಯಾರದ್ದು? ಎಲ್ಲಾ ಸಲ ಮೋಸವೇ ಆಗಿರಬೇಕಿಲ್ಲ. ಎಷ್ಟೋ ಸಲ ಚೀಟಿ ಕಳೆದುಹೋಗಿರುತ್ತೆ, ಇಲ್ಲಾ ಬೀಜದ ಸಸಿಗೆ ತಾಯಿ ಗಿಡದ ಹೆಸರನ್ನೇ ಬರೆದಿರುತ್ತಾರೆ.

ಮಲೆನಾಡಿನ ಅಂಗಳದಲ್ಲಿ ದಾಸವಾಳದ ಕಡ್ಡಿ ಕೊಟ್ಟು ತಗೊಳ್ಳೋದು ಹಳೇ ರೂಢಿ. ಈಗ ಮನೆಯಲ್ಲೇ ಕ್ರಾಸ್ ಮಾಡಿ ಹೊಸ ಬಣ್ಣ ಪಡೆಯೋ ಹವ್ಯಾಸವೂ ಇದೆ. ಕೆಲಸ ಕಷ್ಟದ್ದಲ್ಲ, ಲೆಕ್ಕ ಇಡೋದೇ ಕಷ್ಟ.

ಕ್ರಾಸ್ ಮಾಡೋದು ಹೇಗೆ?

ದಾಸವಾಳದ ಹೆಚ್ಚಿನ ಜಾತಿಗಳ ಹೂವಿಗೆ ಒಂದೇ ದಿನದ ಆಯಸ್ಸು. ಹೂವಿನ ನಡುವೆ ಉದ್ದಕ್ಕೆ ಬರುವ ದಂಡಿನ ಸುತ್ತ ಪರಾಗ ಇರುತ್ತೆ, ತುದಿಯಲ್ಲಿ ಐದು ಸಣ್ಣ ಗುಂಡುಗಳಿರುತ್ತವೆ. ಬೆಳಿಗ್ಗೆ ಹೂ ಅರಳಿದ ಕೂಡಲೇ ಒಂದು ಗಿಡದ ಪರಾಗವನ್ನು ಇನ್ನೊಂದರ ಆ ಐದು ಗುಂಡುಗಳಿಗೆ ಸವರಬೇಕು. ಕೂಡಿಕೊಳ್ಳದಿದ್ದರೆ ಕೆಲವೇ ದಿನದಲ್ಲಿ ತೊಟ್ಟು ಹಳದಿಯಾಗಿ ಉದುರುತ್ತೆ. ಕೂಡಿಕೊಂಡರೆ ಕಾಯಿ ಬಲಿಯೋಕೆ ಸುಮಾರು ಎರಡು ತಿಂಗಳು ಬೇಕು. ಕಾಯಿ ಒಣಗಿ ಬಿರಿದಾಗ ಬೀಜ ಚೆಲ್ಲುತ್ತೆ, ಹಾಗಾಗಿ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿಡಿ.

ಮನೆ ಮುಂದಿನ ಮಾಮೂಲಿ ಕೆಂಪು ದಾಸವಾಳ ಸಾಮಾನ್ಯವಾಗಿ ಕಾಯಿ ಕಟ್ಟಲ್ಲ. ಅದನ್ನು ತಾಯಿ ಮಾಡಿಕೊಂಡು ಕಾಯೋದು ವ್ಯರ್ಥ. ಆದರೆ ಗಟ್ಟಿ ಬೇರಿನ ಗಿಡ, ಕಸಿ ಕಟ್ಟೋಕೆ ಒಳ್ಳೇದು.

ಚೀಟಿಯಲ್ಲಿ ಏನಿರಬೇಕು?

ತಾಯಿ ಗಿಡದ ಹೆಸರು ಮೊದಲು, ನಡುವೆ ಗುಣಾಕಾರ ಚಿಹ್ನೆ, ಆಮೇಲೆ ತಂದೆಯ ಹೆಸರು. ಉದಾಹರಣೆಗೆ: ‘ಹಳದಿ ಜೋಡು × ಕಿತ್ತಳೆ ಒಂಟಿ, 12-11’. ಜಗತ್ತಿನಾದ್ಯಂತ ಹೂಗಿಡ ತಳಿಗಾರರು ಪಾಲಿಸೋ ಕ್ರಮ ಇದೇ. ಹೆಸರು ಹಿಂದುಮುಂದಾದರೆ ಬೀಜ ಯಾವ ಗಿಡದ್ದು ಅಂತ ಆಮೇಲೆ ಗೊತ್ತಾಗಲ್ಲ.

ಬೀಜ ಮೊಳೆತ ಮೇಲೆ ಪ್ರತಿ ಸಸಿಗೂ ಬೇರೆ ನಂಬರ್ ಕೊಡಿ. ಒಂದೇ ಕಾಯಿಯ ಹತ್ತು ಬೀಜದಿಂದ ಹತ್ತು ಥರದ ಹೂ ಬರಬಹುದು. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತೆ, ಪೆನ್ಸಿಲ್ ಬರಹ ಹೆಚ್ಚು ಕಾಲ ನಿಲ್ಲುತ್ತೆ. ಹಳೇ ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಗೀಚಿದರೆ ಇನ್ನೂ ಗಟ್ಟಿ. ಒಂದು ಚೀಟಿ ಗಿಡಕ್ಕೆ, ಇನ್ನೊಂದು ಕುಂಡದ ಮಣ್ಣೊಳಗೆ, ಮೂರನೇದು ನೋಟ್‌ಬುಕ್ಕಿನಲ್ಲಿ ಇರಲಿ.

ಒಂದೇ ಜಿಲ್ಲೆ, ಎರಡು ಹವೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಶಿಕಾರಿಪುರ, ಭದ್ರಾವತಿ ಕಡೆ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಒಂದೇ ಕ್ಯಾಲೆಂಡರ್ ಎರಡೂ ಕಡೆ ನಡೆಯಲ್ಲ.

ಮಳೆ ಸೀಮೆಯಲ್ಲಿ ಪರಾಗ ಒದ್ದೆಯಾದರೆ ಕೆಲಸಕ್ಕೆ ಬರಲ್ಲ. ಅಲ್ಲಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಕ್ರಾಸ್ ಮಾಡೋದು ಸರಿ. ಮಳೆಗಾಲದಲ್ಲಿ ಎಳೆ ಸಸಿಯ ಬುಡ ಕೊಳೆಯುತ್ತೆ. ಮರಳು ಬೆರೆಸಿದ ಸಡಿಲ ಮಣ್ಣು, ಮೇಲೊಂದು ಮಾಡು ಬೇಕು.

ಒಣ ಸೀಮೆಯಲ್ಲಿ ಶತ್ರು ಬಿಸಿಲು. ಏಪ್ರಿಲ್-ಮೇ ಸೆಕೆಗೆ ಮೊಗ್ಗು, ಎಳೆ ಕಾಯಿ ಉದುರುತ್ತವೆ. ಸಸಿಗೆ ನೆರಳು ಪರದೆ ಕಟ್ಟಿ, ಎಲೆಯಡಿ ನುಸಿ, ಹಿಟ್ಟು ತಿಗಣೆ ಇದೆಯಾ ನೋಡ್ತಿರಿ.

ಎರಡೂ ಕಡೆ ಬೀಜದ ಸಿಪ್ಪೆಯನ್ನು ಸ್ವಲ್ಪ ಗೀರಿ ಬಿತ್ತಿದರೆ ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತೆ. ಮೊದಲ ಹೂವಿಗೆ ಒಂದು ವರ್ಷದ ಆಚೀಚೆ, ಕೆಲವಕ್ಕೆ ಎರಡು ವರ್ಷ ಹಿಡಿಯುತ್ತೆ. ಅಷ್ಟು ದಿನ ಚೀಟಿ ಉಳಿಯಬೇಕು.

ಮಾರುವವರು, ಕೊಳ್ಳುವವರು ಗಮನಿಸಿ

ಹೈಬ್ರಿಡ್ ಗಿಡದ ಹೆಸರು ಕಡ್ಡಿ, ಗೂಟಿ, ಕಸಿಯಿಂದ ಬಂದ ಗಿಡಕ್ಕೆ ಮಾತ್ರ ಸಲ್ಲುತ್ತೆ. ಬೀಜದ ಸಸಿ ಆ ಗಿಡದ ಮಗು, ಅದೇ ಗಿಡ ಅಲ್ಲ. ಅದನ್ನು ‘ಬೀಜದ ಸಸಿ, ಹೂ ಬಂದಿಲ್ಲ’ ಅಂತಲೇ ಬರೆದು ಕಡಿಮೆ ಬೆಲೆಗೆ ಮಾರಿದರೆ ಗಿರಾಕಿ ಮತ್ತೆ ಅದೇ ಅಂಗಡಿಗೆ ಬರ್ತಾರೆ. ಕೊಳ್ಳುವವರೂ ಅಷ್ಟೆ, ಬಣ್ಣದ ಫೋಟೋ ನೋಡಿ ದುಡ್ಡು ಕೊಡೋ ಮುಂಚೆ ‘ಇದು ಕಸಿಯದ್ದಾ, ಬೀಜದ್ದಾ?’ ಅಂತ ಒಂದು ಮಾತು ಕೇಳಿ.