ಹೋಗದ ಕಲೆಯೇ ಬಂಡವಾಳ

ಮಲೆನಾಡಲ್ಲಿ ಅಡಿಕೆ ಸುಲಿಯೋಕೆ ಕೂರೋ ಹೆಂಗಸರು ಹಳೇ ಬಟ್ಟೇನೇ ಹಾಕ್ಕೊಳ್ತಾರೆ. ಯಾಕೆ ಗೊತ್ತಾ? ಅಡಿಕೆ ಕಲೆ ಒಮ್ಮೆ ಹಿಡಿದರೆ ಎಷ್ಟು ತಿಕ್ಕಿದರೂ ಹೋಗಲ್ಲ.

ಸಾಗರ ತಾಲ್ಲೂಕಿನ ಹೆಗ್ಗೋಡು, ಅದರ ಪಕ್ಕ ಭೀಮನಕೋಣೆ. ಅಲ್ಲಿನ ಹೆಂಗಸರು ಈ ಕಲೆಯಿಂದಲೇ ದುಡಿಮೆ ಕಂಡುಕೊಂಡರು. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಕೆಂಪು ನೀರು ಉಳಿಯುತ್ತಲ್ಲ, ಚೊಗರು? ಅದರಲ್ಲಿ ಹತ್ತಿ ನೂಲು ಅದ್ದಿದರೆ ಕೆಂಗಂದು ಬಣ್ಣ. ಅದಕ್ಕೆ ಕಬ್ಬಿಣದ ತುಕ್ಕಿನ ನೀರು ತಾಗಿತೋ, ಕಪ್ಪಿಗೆ ತಿರುಗುತ್ತೆ. ಅದ್ದಿದ ಕೈಗೂ ಅದೇ ಬಣ್ಣ!

ಈ ಹೆಂಗಸರ ಸಂಸ್ಥೆಯ ಹೆಸರು ‘ಚರಕ’. 1990ರ ದಶಕದಲ್ಲಿ ರಂಗ ನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ ಶುರುವಾದ ಮಹಿಳಾ ಸಹಕಾರ ಸಂಘ. ಬಣ್ಣ ಹಾಕೋದು, ನೇಯೋದು, ಹೊಲಿಯೋದು ಎಲ್ಲಾ ಇಲ್ಲೇ. ಸಹಕಾರ ಸಂಘ ಅಂದರೆ ಷೇರುದಾರ ಸದಸ್ಯರೇ ಮಾಲೀಕರು, ಮೇಲೊಬ್ಬ ಸಾಹುಕಾರ ಇಲ್ಲ. ಮಾರೋಕೆ ‘ದೇಸಿ’ ಅಂಗಡಿಗಳು, ಬೆಂಗಳೂರಲ್ಲಿ ನೋಡಿರ್ತೀರಿ.

ಗೆಲುವಿನ ಕಥೆ ಹೇಳೋ ರೀಲುಗಳು ಮುಂದಿನ ಭಾಗ ಬಿಟ್ಟುಬಿಡ್ತವೆ. 2017ರಲ್ಲಿ ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡ ಅಂತ ಪ್ರಸನ್ನ ಉಪವಾಸ ಕೂತರು. 2020ರಲ್ಲಿ ಕೊರೊನಾ ಬಂತು, ನೇಯ್ದ ಬಟ್ಟೆ ಖರ್ಚಾಗದೆ ಉಳೀತು. ದಿವಾಳಿ ಆಗಿದ್ದೀವಿ ಅಂತ ಚರಕ ತಾನೇ ಬಾಯಿಬಿಟ್ಟು ಹೇಳ್ತು. ಎಷ್ಟು ಕಂಪನಿಗಳು ಹಾಗೆ ಹೇಳ್ತವೆ?

ಇಷ್ಟಾದರೂ ಚರಕದ ಕೈಮಗ್ಗದ ಜುಬ್ಬಾಕ್ಕೆ ಇಷ್ಟು ರೇಟಾ ಅಂತೀರಾ? ಲಾಳಿ ಒಮ್ಮೆ ಆಚೆಯಿಂದ ಈಚೆ ಬಂದರೆ ಬಟ್ಟೆಗೆ ಸೇರೋದು ಒಂದೇ ಒಂದು ಎಳೆ. ಒಂದಿಂಚಲ್ಲಿ ಅಂಥವು ಎಷ್ಟಿವೆ, ಬೆಳಕಿಗೆ ಹಿಡಿದು ಎಣಿಸಿ ನೋಡಿ.