ಕರ್ನಲು ಕ್ರಮವಿಧಿಗಳನ್ನು ಗುರುತಿಸುವ ಬಗೆ

ರಾಬರ್ಟ್‌ಸನ್‌ಪೇಟೆಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೊರಟವರು ಮೊದಲು ಬಂಗಾರಪೇಟೆಯನ್ನು ಮುಟ್ಟಬೇಕು. ಚಿನ್ನದ ಗಣಿಗಳ ಅನುಕೂಲಕ್ಕಾಗಿ 1894ರಲ್ಲಿ ತೆರೆದ ಈ ಕವಲು ಮಾರ್ಗ ಮದರಾಸು-ಬೆಂಗಳೂರು ಮಾರ್ಗದಂತೆಯೇ ಐದೂವರೆ ಅಡಿ ಅಗಲದ್ದು. ಆದರೆ ಅದೇ ಬಂಗಾರಪೇಟೆಯಿಂದ ಕೋಲಾರದ ಕಡೆಗೆ 1913ರಲ್ಲಿ ತೆರೆದ ಮಾರ್ಗದ ಹಳಿಗಳ ನಡುವಣ ಅಂತರ ಎರಡೂವರೆ ಅಡಿ ಮಾತ್ರ. ಬೌರಿಂಗ್‌ಪೇಟೆಯೆಂದು ಕರೆಯಿಸಿಕೊಳ್ಳುತ್ತಿದ್ದ ಆ ನಿಲ್ದಾಣದಲ್ಲಿ ಎರಡು ಬಗೆಯ ಹಳಿಗಳೂ ಬಂದು ಸೇರುತ್ತಿದ್ದುವು. ಆದರೆ ಒಂದರ ಬಂಡಿ ಮತ್ತೊಂದರ ಮೇಲೆ ಓಡುವಂತಿರಲಿಲ್ಲ. ಬಂಡಿ ಗಟ್ಟಿಯಾಗಿಯೇ ಇದೆ, ಸರಕೂ ಸರಿಯಾಗಿದೆ, ಊರೂ ದೂರವಿಲ್ಲ. ಆದರೂ ಗಾಲಿಗಳ ಅಂತರ ಹಳಿಗಳಿಗೆ ಹೊಂದದಿದ್ದರೆ ಪ್ರಯಾಣ ಅಲ್ಲಿಗೇ ನಿಂತಿತು. ಮುಂದಕ್ಕೆ ಹೋಗಬೇಕಾದರೆ ಒಂದೋ ಬೇರೆ ಹಳಿ ಹಾಕಬೇಕು, ಇಲ್ಲವೆ ಸರಕನ್ನು ಇಳಿಸಿ ಬೇರೆ ಬಂಡಿಗೆ ಏರಿಸಬೇಕು. ಕೋಲಾರ-ಚಿಕ್ಕಬಳ್ಳಾಪುರಗಳ ಆ ಸಣ್ಣ ಮಾರ್ಗವೆಲ್ಲ ಪೂರ್ತಿಯಾಗಿ ಅಗಲವಾದುದು 2013ರಲ್ಲಿ.

ಗಣಕಯಂತ್ರದ ಒಳಗೂ ಇಂತಹುದೇ ಒಂದು ನಿಲ್ದಾಣವುಂಟು. ಒಂದು ಯಂತ್ರದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕ್ರಮವಿಧಿಯನ್ನು ಮತ್ತೊಂದಕ್ಕೆ ಒಯ್ದು ನಡೆಸಲು ಹೊರಟಾಗ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂಬ ಚುಟುಕಾದ ಉತ್ತರ ಬರುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಕಡತ ಕೆಟ್ಟಿರುವುದಿಲ್ಲ, ಯಂತ್ರವೂ ಕೆಟ್ಟಿರುವುದಿಲ್ಲ. ಗಾಲಿ ಮತ್ತು ಹಳಿ ಹೊಂದಿರುವುದಿಲ್ಲ, ಅಷ್ಟೆ. ಈ ಹೊಂದಾಣಿಕೆಯನ್ನು ಪರೀಕ್ಷಿಸುವವರಾರು, ಯಾವ ಗುರುತಿನಿಂದ ಪರೀಕ್ಷಿಸುತ್ತಾರೆ, ಅದನ್ನು ನಾವು ಬದಲಾಯಿಸಬಹುದೇ ಎಂಬುದೇ ಈ ಲೇಖನದ ವಿಷಯ. ಲಿನಕ್ಸ್ ಎಂಬ ವ್ಯವಸ್ಥೆಯ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದಾದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕಡತದ ಹಣೆಬರಹ

ಯಂತ್ರದ ಎಲ್ಲ ಸಾಧನಗಳನ್ನೂ ತನ್ನ ಹತೋಟಿಯಲ್ಲಿಟ್ಟುಕೊಂಡು, ಯಾವ ಕ್ರಮವಿಧಿಗೆ ಎಷ್ಟು ಸ್ಮೃತಿ, ಎಷ್ಟು ಕಾಲ ಎಂದು ಹಂಚಿಕೊಡುವ ಮೂಲ ತಂತ್ರಾಂಶಕ್ಕೆ ಕರ್ನಲು ಎಂದು ಹೆಸರು. ತಿರುಳು ಎಂದೇ ಆ ಪದದ ಅರ್ಥ. ನಾವು ಒಂದು ಕ್ರಮವಿಧಿಯನ್ನು ನಡೆಸೆಂದು ಹೇಳಿದಾಗ ಆ ಕೋರಿಕೆ ಕೊನೆಗೆ ಬಂದು ಮುಟ್ಟುವುದು ಈ ಕರ್ನಲನ್ನು. ಕಡತವನ್ನು ಡಿಸ್ಕಿನಿಂದ ತೆಗೆದು, ಸ್ಮೃತಿಯಲ್ಲಿ ತಕ್ಕ ಸ್ಥಳಗಳಲ್ಲಿರಿಸಿ, ಮೊದಲ ಆದೇಶವನ್ನು ಪ್ರೊಸೆಸರಿಗೆ ತೋರಿಸಿಕೊಡುವುದು ಅದರ ಹೊಣೆ.

ಇದು ಸುಲಭದ ಕೆಲಸವಲ್ಲ. ಕ್ರಮವಿಧಿಯ ಕಡತದಲ್ಲಿ ಆದೇಶಗಳಿರುತ್ತವೆ. ಅವು ಬಳಸುವ ಅಂಕಿ ಅಕ್ಷರಗಳಿರುತ್ತವೆ. ಯಾವ ಭಾಗ ಸ್ಮೃತಿಯಲ್ಲಿ ಎಲ್ಲಿ ನಿಲ್ಲಬೇಕು, ಯಾವುದನ್ನು ಓದಬಹುದು, ಯಾವುದನ್ನು ತಿದ್ದಬಹುದು, ಕೆಲಸ ಎಲ್ಲಿಂದ ಆರಂಭವಾಗಬೇಕು ಎಂಬ ವಿವರಗಳಿರುತ್ತವೆ. ಇವನ್ನೆಲ್ಲ ಕಡತದಲ್ಲಿ ಜೋಡಿಸುವ ಕ್ರಮಕ್ಕೆ ನಮೂನೆ ಎನ್ನೋಣ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಬೇರೆ ಬೇರೆ ನಮೂನೆಗಳನ್ನು ಗೊತ್ತುಮಾಡಿದರು. ಒಂದು ನಮೂನೆಯಂತೆ ಜೋಡಿಸಿದ ಕಡತವನ್ನು ಮತ್ತೊಂದರಂತೆ ಓದಿದರೆ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ.

ಹಾಗಾದರೆ ಕರ್ನಲು ನಮೂನೆಯನ್ನು ತಿಳಿಯುವುದು ಹೇಗೆ? ಕಡತದ ಹೆಸರಿನ ಬಾಲವನ್ನು ನೋಡಿ ಎಂದು ಅನೇಕರು ಎಣಿಸುವರು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಕಡತವನ್ನು ನಡೆಸಲು ಅನುಮತಿಯಿದೆಯೇ ಎಂದು ಮೊದಲು ವಿಚಾರಿಸಿ, ಅನಂತರ ಅದರ ಆರಂಭದ 256 ಬೈಟುಗಳನ್ನು ಕರ್ನಲು ಓದಿಕೊಳ್ಳುತ್ತದೆ. ಈಗ ಬಹುವಾಗಿ ಬಳಕೆಯಲ್ಲಿರುವ ನಮೂನೆಯ ಹೆಸರು ಎಲ್ಫ್. ಅದರ ಕಡತದ ಮೊದಲ ನಾಲ್ಕು ಬೈಟುಗಳು ಯಾವಾಗಲೂ 127, 69, 76, 70. ಇವುಗಳಲ್ಲಿ ಕೊನೆಯ ಮೂರು ಇಂಗ್ಲಿಷಿನ 'ಇ', 'ಎಲ್', 'ಎಫ್' ಅಕ್ಷರಗಳ ಸಂಕೇತಸಂಖ್ಯೆಗಳು. ಐದನೆಯ ಬೈಟು 1 ಆಗಿದ್ದರೆ ಅದು 32 ಬಿಟ್ಟಿನ ಕ್ರಮವಿಧಿ. 2 ಆಗಿದ್ದರೆ 64 ಬಿಟ್ಟಿನದು. ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಬೈಟುಗಳಲ್ಲಿ ಅದು ಯಾವ ಜಾತಿಯ ಪ್ರೊಸೆಸರಿಗಾಗಿ ಸಿದ್ಧವಾದುದೆಂಬುದು ಸಂಖ್ಯೆಯ ರೂಪದಲ್ಲಿ ಬರೆದಿರುತ್ತದೆ: ಇಂಟೆಲ್ ಮಾದರಿಯ 32 ಬಿಟ್ಟಿನ ಪ್ರೊಸೆಸರಿಗೆ 3, ಅದೇ ಮನೆತನದ 64 ಬಿಟ್ಟಿನದಕ್ಕೆ 62, 32 ಬಿಟ್ಟಿನ ಆರ್ಮ್‌ಗೆ 40, 64 ಬಿಟ್ಟಿನ ಆರ್ಮ್‌ಗೆ 183. ಇದೇ ಕಡತದ ಹಣೆಬರಹ.

ಇತರ ನಮೂನೆಗಳಿಗೂ ಇಂತಹ ಗುರುತುಗಳುಂಟು. ವಿಂಡೋಸಿನ ಕ್ರಮವಿಧಿಗಳು 77, 90 ಎಂಬ ಎರಡು ಬೈಟುಗಳಿಂದ ಆರಂಭವಾಗುತ್ತವೆ. ಆ ನಮೂನೆಯನ್ನು ರೂಪಿಸಿದ ಮಾರ್ಕ್ ಝ್ಬಿಕೊವ್‌ಸ್ಕಿ ಎಂಬ ತಂತ್ರಜ್ಞರ ಹೆಸರಿನ ಮೊದಲಕ್ಷರಗಳಿವು. ಜಾವಾ ಭಾಷೆಯ ಕಡತಗಳ ಆದಿ 202, 254, 186, 190. ಮನುಷ್ಯರು ಓದಬಹುದಾದ ಪಠ್ಯರೂಪದ ಕ್ರಮವಿಧಿಗಳು, ಎಂದರೆ ಸ್ಕ್ರಿಪ್ಟುಗಳು, #! ಎಂಬ ಎರಡು ಚಿಹ್ನೆಗಳಿಂದ ಆರಂಭವಾಗಿ, ತಮ್ಮನ್ನು ಓದಿ ನಡೆಸಬಲ್ಲ ದ್ವಿಭಾಷಿಯ ಹೆಸರನ್ನು ಅದೇ ಸಾಲಿನಲ್ಲಿ ತಿಳಿಸುತ್ತವೆ.

ಕರ್ನಲಿನೊಳಗೆ ಒಂದೊಂದು ನಮೂನೆಗೂ ಒಬ್ಬೊಬ್ಬ ಪರೀಕ್ಷಕನಿದ್ದಾನೆಂದು ಭಾವಿಸೋಣ. ಓದಿಕೊಂಡ ಬೈಟುಗಳನ್ನು ಕರ್ನಲು ಅವರ ಮುಂದೆ ಸರದಿಯಂತೆ ಇರಿಸುತ್ತದೆ. 'ಇದು ನನ್ನದಲ್ಲ' ಎಂದು ಒಬ್ಬನು ಹೇಳಿದರೆ ಕಡತ ಮುಂದಿನವನ ಬಳಿಗೆ ಹೋಗುತ್ತದೆ. 'ನನ್ನದು' ಎಂದವನು ಅದನ್ನು ಸ್ಮೃತಿಗೇರಿಸುವ ಕೆಲಸವನ್ನು ಕೈಗೊಳ್ಳುತ್ತಾನೆ. ಸ್ಕ್ರಿಪ್ಟಿನ ಪರೀಕ್ಷಕನು ಮಾತ್ರ ತಾನೇ ಏನನ್ನೂ ಏರಿಸುವುದಿಲ್ಲ. ಸ್ಕ್ರಿಪ್ಟು ಹೆಸರಿಸಿದ ದ್ವಿಭಾಷಿಯನ್ನು ಮುಂದೆ ಮಾಡುತ್ತಾನೆ, ಹುಡುಕಾಟ ಆ ದ್ವಿಭಾಷಿಯ ಕಡತದ ಮೇಲೆ ಮತ್ತೆ ಮೊದಲಿನಿಂದ ನಡೆಯುತ್ತದೆ. ಎಲ್ಲರೂ ಕೈಬಿಟ್ಟರೆ ಮೇಲೆ ಹೇಳಿದ ಚುಟುಕು ಉತ್ತರವೇ ಗತಿ.

ಪರೀಕ್ಷಕರನ್ನು ನೇಮಿಸುವವರಾರು?

ಈ ಪರೀಕ್ಷಕರು ತಾವಾಗಿ ಹುಟ್ಟಿಕೊಳ್ಳುವುದಿಲ್ಲ. ಕರ್ನಲನ್ನು ಅದರ ಮೂಲಪಾಠದಿಂದ ಕಟ್ಟುವಾಗ ಒಂದು ದೊಡ್ಡ ಪ್ರಶ್ನಾವಳಿಗೆ ಉತ್ತರ ಕೊಡಬೇಕು. ಅದರಲ್ಲಿ ಕಾರ್ಯಗತಗೊಳ್ಳುವ ಕಡತಗಳ ನಮೂನೆಗಳದೇ ಒಂದು ವಿಭಾಗ. ಅನೇಕ ಪ್ರಶ್ನೆಗಳಿಗೆ ಮೂರು ಬಗೆಯ ಉತ್ತರ ಸಾಧ್ಯ: ಸೇರಿಸು, ಬೇಡ, ಇಲ್ಲವೆ ಬೇರೆ ತುಂಡಾಗಿ ಕಟ್ಟಿಡು, ಬೇಕಾದಾಗ ಸೇರಿಸಿಕೊಳ್ಳುತ್ತೇವೆ. ಈ ಮೂರನೆಯ ಬಗೆಯ ತುಂಡಿಗೆ ಮಾಡ್ಯೂಲ್ ಎಂದು ಹೆಸರು.

ಎಲ್ಫ್ ನಮೂನೆಯನ್ನು ಬೇಡವೆಂದರೆ ಏನಾಗುವುದು? ಕರ್ನಲು ಎಚ್ಚೆತ್ತು, ಸಾಧನಗಳನ್ನೆಲ್ಲ ಗುರುತಿಸಿ, ಮೊಟ್ಟಮೊದಲ ಕ್ರಮವಿಧಿಯನ್ನು ನಡೆಸಲು ಹೋಗುತ್ತದೆ. ಸಾಮಾನ್ಯ ಯಂತ್ರಗಳಲ್ಲಿ ಆ ಮೊದಲ ಕ್ರಮವಿಧಿಯೇ ಎಲ್ಫ್ ಕಡತವಾದುದರಿಂದ ಅದು ಅಲ್ಲಿಗೇ ಗಾಬರಿಗೊಂಡು ನಿಂತುಬಿಡುತ್ತದೆ. ಸ್ಕ್ರಿಪ್ಟಿನ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಅದನ್ನು ಮಾಡ್ಯೂಲಾಗಿ ಕಟ್ಟಲು ಅವಕಾಶವುಂಟು. ಆದರೆ ಯಂತ್ರ ಏಳುವ ಹೊತ್ತಿನಲ್ಲಿ ಮಾಡ್ಯೂಲುಗಳನ್ನು ಸೇರಿಸುವ ಕೆಲಸವನ್ನು ಅನೇಕ ವ್ಯವಸ್ಥೆಗಳಲ್ಲಿ ಮಾಡುವುದೇ ಒಂದು ಸ್ಕ್ರಿಪ್ಟು. ಸ್ಕ್ರಿಪ್ಟು ನಡೆಯಲು ಮಾಡ್ಯೂಲು ಬೇಕು, ಮಾಡ್ಯೂಲು ಬರಲು ಸ್ಕ್ರಿಪ್ಟು ನಡೆಯಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತಾಯಿತು. ಆದುದರಿಂದ, ಇದನ್ನು ಸೇರಿಸದಿದ್ದರೆ ಬಹುತೇಕ ಯಂತ್ರಗಳು ಏಳಲಾರವು ಎಂಬ ಎಚ್ಚರಿಕೆಯನ್ನು ಆ ಪ್ರಶ್ನೆಯ ಜೊತೆಯಲ್ಲಿಯೇ ಕೊಟ್ಟಿದ್ದಾರೆ.

64 ಬಿಟ್ಟಿನ ಇಂಟೆಲ್ ಮಾದರಿಯ ಯಂತ್ರದಲ್ಲಿ ಹಳೆಯ 32 ಬಿಟ್ಟಿನ ಕ್ರಮವಿಧಿಗಳನ್ನು ನಡೆಸಬೇಕೆನ್ನುವವರು ಅದಕ್ಕಾಗಿ ಇನ್ನೊಂದು ಪ್ರಶ್ನೆಗೆ 'ಸೇರಿಸು' ಎನ್ನಬೇಕು. ಸ್ಮೃತಿಯನ್ನು ಪುಟಪುಟವಾಗಿ ಹಂಚಿಕೊಡುವ ಅಂಗವೇ ಇಲ್ಲದ ಪುಟ್ಟ ಪ್ರೊಸೆಸರುಗಳಿಗೆಂದು ಫ್ಲಾಟ್ ಎಂಬ ಸರಳ ನಮೂನೆಯೂ ಉಂಟು. ಮೇಜಿನ ಮೇಲಿನ ಯಂತ್ರಕ್ಕೆ ಅದು ಬೇಕಿಲ್ಲ.

ಹೊರಗಿನವರಿಗೂ ಒಂದು ಬಾಗಿಲು

ಜಗತ್ತಿನ ನಮೂನೆಗಳೆಲ್ಲಕ್ಕೂ ಕರ್ನಲಿನೊಳಗೇ ಪರೀಕ್ಷಕರನ್ನು ನೇಮಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ಹಿಂದೆ ಜಾವಾಕ್ಕೆಂದೇ ಒಬ್ಬ ಪ್ರತ್ಯೇಕ ಪರೀಕ್ಷಕನಿದ್ದನು. ನಾಳೆ ಮತ್ತೊಂದು ಭಾಷೆ ಬಂದರೆ? ಈ ತೊಡಕಿಗೆ 1997ರಲ್ಲಿ ರಿಚರ್ಡ್ ಗುಂಥರ್ ಎಂಬವರು ಒಂದು ಪರಿಹಾರವನ್ನು ಒದಗಿಸಿದರು. 'ಬಿನ್‌ಫಾರ್ಮ್ಯಾಟ್ ಮಿಸ್ಕ್' ಎಂದು ಓದಬಹುದಾದ ಹೆಸರಿನ ಈ ಪರೀಕ್ಷಕನಿಗೆ ಸ್ವಂತ ನಮೂನೆ ಯಾವುದೂ ಇಲ್ಲ. ಅವನ ಬಳಿ ಇರುವುದು ಒಂದು ದಾಖಲೆ ಪುಸ್ತಕ ಮಾತ್ರ. ಯಂತ್ರದ ಮೇಲ್ವಿಚಾರಕರು ಅದರಲ್ಲಿ ಒಂದು ಸಾಲು ಬರೆಸಬಹುದು: ಇಂತಹ ಬೈಟುಗಳಿಂದ ಆರಂಭವಾಗುವ ಕಡತ ಬಂದರೆ ಇಂತಹ ದ್ವಿಭಾಷಿಗೆ ಒಪ್ಪಿಸು. ಬೈಟುಗಳ ಬದಲು ಹೆಸರಿನ ಬಾಲವನ್ನೇ ಗುರುತಾಗಿ ಕೊಡುವುದಕ್ಕೂ ಇಲ್ಲಿ ಅವಕಾಶವುಂಟು. ಸಾಲನ್ನು ಬರೆದ ಕ್ಷಣದಿಂದ ಅದು ಜಾರಿಗೆ ಬರುತ್ತದೆ. ಕರ್ನಲನ್ನು ಮತ್ತೆ ಕಟ್ಟಬೇಕಾಗಿಲ್ಲ, ಯಂತ್ರವನ್ನು ಆರಿಸಿ ಹೊತ್ತಿಸಬೇಕಾಗಿಯೂ ಇಲ್ಲ. ಬಂಗಾರಪೇಟೆಯಲ್ಲಿ ಹೊಸ ಹಳಿ ಹಾಕುವ ಬದಲು ಸರಕನ್ನು ಇಳಿಸಿ ಏರಿಸುವ ಕೂಲಿಯವರನ್ನು ಗೊತ್ತುಮಾಡಿದಂತೆ.

ಕನ್ನಡಿಗರಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'ಯೂ, ಅದಕ್ಕಿಂತ ಮೊದಲು ಬಂದ 'ಬರಹ'ವೂ ವಿಂಡೋಸಿಗಾಗಿ ರಚಿತವಾದ ತಂತ್ರಾಂಶಗಳು. ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಮನೆಗಳಲ್ಲಿ ಎಷ್ಟೋ ವರ್ಷಗಳ ಕನ್ನಡ ಬರವಣಿಗೆ ಇವುಗಳ ಮೂಲಕ ನಡೆಯಿತು. ಅವುಗಳ ಕಡತಗಳ ಆದಿಯಲ್ಲಿರುವುದು 77, 90. ಲಿನಕ್ಸಿನ ಎಲ್ಫ್ ಪರೀಕ್ಷಕನಿಗೆ ಅದು ಪರಭಾಷೆ. ಆದರೆ ದಾಖಲೆ ಪುಸ್ತಕದಲ್ಲಿ ಈ ಗುರುತಿಗೆ ಎದುರಾಗಿ 'ವೈನ್' ಎಂಬ ದ್ವಿಭಾಷಿಯ ಹೆಸರನ್ನು ಬರೆಸಿದರೆ, ಕಡತವನ್ನು ಕರ್ನಲು ತಾನೇ ಅದಕ್ಕೆ ಒಪ್ಪಿಸುತ್ತದೆ. ವೈನ್ ಎಲ್ಲ ತಂತ್ರಾಂಶಗಳನ್ನೂ ಲೋಪವಿಲ್ಲದೆ ನಡೆಸಬಲ್ಲುದೆಂದು ಹೇಳಲಾಗದು. ಕರ್ನಲಿನ ಹೊಣೆ ತಕ್ಕವರಿಗೆ ತಲುಪಿಸುವವರೆಗೆ ಮಾತ್ರ; ಮುಂದಿನದು ದ್ವಿಭಾಷಿಯ ಪಾಂಡಿತ್ಯಕ್ಕೆ ಸೇರಿದುದು.

ಇನ್ನೊಂದು ಉದಾಹರಣೆ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 2001ರಲ್ಲಿ ಹೊರತಂದ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕದಲ್ಲಿ ನಡೆಯುತ್ತಿದ್ದುದು ಲಿನಕ್ಸ್. ಅದರ ಪ್ರೊಸೆಸರು ಆರ್ಮ್ ಮನೆತನಕ್ಕೆ ಸೇರಿದ ಸ್ಟ್ರಾಂಗ್‌ಆರ್ಮ್. ಇಂತಹ ಯಂತ್ರದ ಎಲ್ಫ್ ಕಡತವನ್ನು ಮೇಜಿನ ಗಣಕಕ್ಕೆ ತಂದರೆ ಮೊದಲ ನಾಲ್ಕು ಬೈಟುಗಳು ಸರಿಯಾಗಿಯೇ ಇರುತ್ತವೆ. ಆದರೆ ಹತ್ತೊಂಬತ್ತನೆಯದರಲ್ಲಿ 40 ಎಂದಿರುತ್ತದೆ. ಇಲ್ಲಿ ನಮೂನೆ ಒಂದೇ, ಆದೇಶಗಳ ಭಾಷೆ ಬೇರೆ. ಎಲ್ಫ್ ಪರೀಕ್ಷಕನು ಅದನ್ನು ಕಂಡು ಕೈಬಿಡುತ್ತಾನೆ. ಈಗ 'ಕ್ಯೂಎಮು' ಎಂಬ ಅನುಕರಣ ತಂತ್ರಾಂಶವನ್ನು ಆ ಗುರುತಿಗೆ ಎದುರಾಗಿ ಬರೆಸಿದರೆ, ಅದು ಆರ್ಮ್ ಆದೇಶಗಳನ್ನು ಇಂಟೆಲ್ ಆದೇಶಗಳಾಗಿ ಅನುವಾದಿಸುತ್ತ ಕ್ರಮವಿಧಿಯನ್ನು ನಡೆಸುತ್ತದೆ. ವೇಗ ತಗ್ಗುತ್ತದೆ, ಆದರೆ ಕೆಲಸ ಸಾಗುತ್ತದೆ. ಪುಟ್ಟ ಯಂತ್ರಗಳಿಗಾಗಿ ತಂತ್ರಾಂಶ ರಚಿಸುವವರು ಇಂದು ತಮ್ಮ ಕೃತಿಯನ್ನು ಮೇಜಿನ ಮೇಲೆಯೇ ಪರೀಕ್ಷಿಸಲು ಈ ಮಾರ್ಗವನ್ನು ಹಿಡಿಯುತ್ತಾರೆ.

ಮುಚ್ಚಿದ ಬಾಗಿಲುಗಳು

ಇಷ್ಟು ಉಪಕಾರಿಯಾದರೆ ಎಲ್ಲ ನಮೂನೆಗಳನ್ನೂ ಯಾವಾಗಲೂ ಸೇರಿಸಿಡಬಾರದೇಕೆ? ಒಂದೊಂದು ನಮೂನೆಯೂ ಕರ್ನಲಿಗೆ ಒಂದೊಂದು ಬಾಗಿಲು. ಯಾರೂ ಬಳಸದ, ಯಾರೂ ನೋಡಿಕೊಳ್ಳದ ಬಾಗಿಲಿನ ಮೂಲಕ ಕಳ್ಳನು ನುಗ್ಗಿದರೆ ತಿಳಿಯುವುದು ತಡವಾಗಿ. ಬೇಡದುದನ್ನು ಬಿಡುವುದೂ ಒಂದು ರಕ್ಷಣೆ. ಆದರೆ ಬಿಡುವುದಕ್ಕೂ ಬೆಲೆಯುಂಟು.

ಲಿನಕ್ಸಿನ ಮೊದಲ ಕ್ರಮವಿಧಿಗಳು 'ಎ ಡಾಟ್ ಔಟ್' ಎಂಬ ನಮೂನೆಯವು. 1970ರ ದಶಕದ ಆದಿಯ ಯುನಿಕ್ಸಿನಿಂದ ಬಂದ ಹಳೆಯ ಹೆಸರು ಅದು. ಅನೇಕ ಕ್ರಮವಿಧಿಗಳು ಹಂಚಿಕೊಳ್ಳುವ ಭಂಡಾರಗಳಿಗೆ ಲಿನಕ್ಸಿನ ಆ ನಮೂನೆಯಲ್ಲಿ ಸ್ಮೃತಿಯ ವಿಳಾಸವನ್ನು ಮುಂಚಿತವಾಗಿಯೇ ಗೊತ್ತುಮಾಡಿಡಬೇಕಾಗಿತ್ತು. ಒಂದರ ಜಾಗ ಮತ್ತೊಂದಕ್ಕೆ ಸಿಗುವಂತಿರಲಿಲ್ಲ. ಭಂಡಾರಗಳು ಬೆಳೆದಂತೆ ಇದು ದೊಡ್ಡ ತಲೆನೋವಾಯಿತು. ಈ ತೊಡಕಿಲ್ಲದ ಎಲ್ಫ್ ನಮೂನೆಗೆ 1995ರ ಸುಮಾರಿಗೆ ಲಿನಕ್ಸಿಗರು ವಲಸೆ ಹೋದರು. ಹಳೆಯ ಪರೀಕ್ಷಕನು ಬಹುಕಾಲ ಮೂಲೆಯಲ್ಲಿ ಕುಳಿತೇ ಇದ್ದನು. 2022ರಲ್ಲಿ ಅವನನ್ನು ಕರ್ನಲಿನಿಂದ ತೆಗೆದುಹಾಕಿದರು. ಈಗಿನ ಕರ್ನಲಿಗೆ ಆ ಕಾಲದ ಒಂದು ಕ್ರಮವಿಧಿಯನ್ನು ಕೊಟ್ಟರೆ ಅದು ಗುರುತು ಹಿಡಿಯದು.

ಕೋಲಾರದ ಚಿನ್ನದ ಗಣಿಗಳನ್ನು 2001ರಲ್ಲಿ ಮುಚ್ಚಿದುದನ್ನು ಈ ಪ್ರದೇಶದ ವಾಚಕರಿಗೆ ನೆನಪಿಸಬೇಕಾಗಿಲ್ಲ. ಇಳಿಯುವ ದಾರಿ ನಿಂತ ಮೇಲೆ ಒಳಗೇನಿದ್ದರೂ ಕೈಗೆ ಎಟುಕದು. ಹಳೆಯ ಕ್ರಮವಿಧಿಗಳ ಪಾಡೂ ಇದೇ ಆಗಬಹುದು. ಒಂದು ವ್ಯತ್ಯಾಸವೇನೆಂದರೆ, ಇಲ್ಲಿ ಹೊಸ ದಾರಿಯನ್ನು ತೆರೆಯಲು ಬೇಕಾದುದು ಯಂತ್ರಸ್ಥಾವರಗಳಲ್ಲ, ತಿಳಿವಳಿಕೆ. ನಮೂನೆಯ ವಿವರ ಬರಹದಲ್ಲಿ ಉಳಿದಿದ್ದರೆ ಸಾಕು. ಹಳೆಯ ಕಡತವನ್ನು ಸ್ಮೃತಿಗೇರಿಸಬಲ್ಲ ಒಂದು ವಾಹಕ ತಂತ್ರಾಂಶವನ್ನು ಬಲ್ಲವರು ಕರ್ನಲಿನ ಹೊರಗೆ ರಚಿಸಿ, ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆಸಬಹುದು. ಬಾಗಿಲು ಮತ್ತೆ ತೆರೆಯುತ್ತದೆ.

ವಿದ್ಯಾರ್ಥಿಗಳು ಇದನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲಿನಕ್ಸ್ ಇರುವ ಒಂದು ಯಂತ್ರ ದೊರೆತರೆ, 'ಹೆಕ್ಸ್‌ಡಂಪ್' ಎಂಬ ಸಾಧನದಿಂದ ಯಾವುದಾದರೂ ಕ್ರಮವಿಧಿಯ ಮೊದಲ ಇಪ್ಪತ್ತು ಬೈಟುಗಳನ್ನು ತೆಗೆದು ನೋಡಲಿ. ಅದು ಹದಿನಾರರ ಎಣಿಕೆಯಲ್ಲಿ ಅಂಕಿಗಳನ್ನು ತೋರಿಸುವುದರಿಂದ 127ರ ಜಾಗದಲ್ಲಿ 7ಎಫ್ ಎಂಬುದು ಕಾಣುವುದು. ಅದನ್ನು ದಶಮಾನಕ್ಕೆ ತಿರುಗಿಸಿಕೊಳ್ಳುವುದೂ ಒಂದು ಒಳ್ಳೆಯ ಅಭ್ಯಾಸವೇ. ತಮ್ಮ ಮುಂದಿರುವ ಯಂತ್ರದ ಕರ್ನಲಿನಲ್ಲಿ ಯಾವ ಯಾವ ಪರೀಕ್ಷಕರನ್ನು ಸೇರಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಅದರ ಪ್ರಶ್ನಾವಳಿಯ ಉತ್ತರಗಳನ್ನು ತೆರೆದು ಓದಲಿ. ಯಂತ್ರ 'ಆಗದು' ಎಂದು ಹೇಳಿದಾಗ ಅದು ಪ್ರಕೃತಿಯ ನಿಯಮವೋ, ಯಾರೋ ಕೊಟ್ಟ ಉತ್ತರವೋ ಎಂಬುದನ್ನು ಬೇರ್ಪಡಿಸಿ ನೋಡುವುದನ್ನು ಕಲಿತವರಿಗೆ ಅರ್ಧ ವಿದ್ಯೆ ಬಂದಂತೆಯೇ. ಉಳಿದರ್ಧ, ಆ ಉತ್ತರವನ್ನು ಬದಲಾಯಿಸುವ ಕೈಚಳಕ.