ಮುಪ್ಪಿನ ಲೆಕ್ಕ ಊಟದ ತಟ್ಟೆಯಲ್ಲಿ

ಹಿರಿಯೂರಿನ ಸುತ್ತಮುತ್ತಲ ಜನ ಮಾರಿಕಣಿವೆ ಎಂದೇ ಕರೆಯುವ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ವೇದಾವತಿ ನದಿಗೆ ಅಡ್ಡಲಾಗಿ ನಿಂತ ಈ ಜಲಾಶಯ 1933ರಲ್ಲಿ ತುಂಬಿ ಕೋಡಿ ಹರಿಯಿತು. ಅದು ಮತ್ತೊಮ್ಮೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷಗಳು ಉರುಳಿದ್ದವು. ಮೂರು ತಲೆಮಾರುಗಳ ಜನ ಇದ್ದಷ್ಟು ನೀರಿನಲ್ಲಿಯೇ ಬೆಳೆ ತೆಗೆದು, ಮಳೆ ಕೈಕೊಟ್ಟ ವರ್ಷ ಕಣಜದ ಕಾಳು ನೆಚ್ಚಿಕೊಂಡು ಬದುಕಿದರು.

ನಮ್ಮ ದೇಹದ ಜೀವಕೋಶಗಳ ಕಥೆಯೂ ಹೀಗೆಯೇ. ಲಕ್ಷಾಂತರ ವರ್ಷಗಳ ಕಾಲ ಅವು ಆಹಾರದ ಅಭಾವಕ್ಕೆ ಹೊಂದಿಕೊಂಡು ವಿಕಾಸಗೊಂಡಿವೆ. ಈಗ ಅವಕ್ಕೆ ದಿನಾಲೂ ಕೋಡಿ ಹರಿಯುವಷ್ಟು ಆಹಾರ! ಇದಕ್ಕೂ ಮುಪ್ಪಿಗೂ ಏನು ಸಂಬಂಧ? ಕಳೆದ ಕೆಲವು ದಶಕಗಳಲ್ಲಿ ಅಣುಜೀವವಿಜ್ಞಾನ ಈ ಪ್ರಶ್ನೆಗೆ ಕುತೂಹಲಕರ ಉತ್ತರಗಳನ್ನು ಕಂಡುಕೊಂಡಿದೆ.

ಮುಪ್ಪು ಎಂದರೇನು?

ತಲೆಗೂದಲು ನೆರೆಯುವುದು, ಚರ್ಮ ಸುಕ್ಕುಗಟ್ಟುವುದು ಹೊರಗೆ ಕಾಣುವ ಲಕ್ಷಣಗಳು. ಒಳಗೆ ನಡೆಯುವುದೇ ಬೇರೆ. ಮಾನವನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರೆ ಅವು ಸುಮಾರು 40ರಿಂದ 60 ಬಾರಿ ವಿಭಜನೆಗೊಂಡು ನಿಂತುಬಿಡುತ್ತವೆ ಎಂದು ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ರಕ್ಷಾಕವಚವಿದೆ. ಪ್ರತಿ ವಿಭಜನೆಯಲ್ಲೂ ಅದು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ವಿಭಜನೆ ನಿಲ್ಲಿಸಿದ ಮುದಿ ಕೋಶಗಳು ಸುಮ್ಮನಿರದೆ ಉರಿಯೂತ ಉಂಟುಮಾಡುವ ವಸ್ತುಗಳನ್ನು ಸ್ರವಿಸಿ ನೆರೆಯ ಕೋಶಗಳಿಗೂ ತೊಂದರೆ ಕೊಡುತ್ತವೆ.

ಇನ್ನೊಂದು ಕ್ರಿಯೆ ಪ್ರತಿ ಮನೆಯ ಅಡುಗೆ ಕೋಣೆಯಲ್ಲೂ ಕಾಣಸಿಗುತ್ತದೆ. ಹೆಂಚಿನ ಮೇಲಿನ ರೊಟ್ಟಿ ಕೆಂಪಗಾಗುವುದು ಏಕೆ? ಹಿಟ್ಟಿನಲ್ಲಿರುವ ಸಕ್ಕರೆಯ ಅಣುಗಳು ಪ್ರೋಟೀನಿನೊಡನೆ ಸೇರಿಕೊಳ್ಳುವುದರಿಂದ. ಫ್ರಾನ್ಸಿನ ಲೂಯಿ ಮಯ್ಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ನಮ್ಮ ಮೈಯಲ್ಲೂ ಬಹು ನಿಧಾನವಾಗಿ ನಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದಷ್ಟೂ ಅದರ ವೇಗ ಹೆಚ್ಚು. ರಕ್ತನಾಳ, ಕಣ್ಣಿನ ಮಸೂರ, ಚರ್ಮಗಳ ಪ್ರೋಟೀನುಗಳು ಸಕ್ಕರೆ ಅಂಟಿ ಬಿರುಸಾಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವ ‘ಎಚ್‌ಬಿಎ1ಸಿ’ ಪರೀಕ್ಷೆ ಅಳೆಯುವುದೂ ಇದನ್ನೇ. ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದಲೇ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಕಥೆಯನ್ನು ಹೇಳಬಲ್ಲದು.

ಮಳೆಯ ವರ್ಷ, ಬರದ ವರ್ಷ

ರೈತನ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮಳೆ ಚೆನ್ನಾದ ವರ್ಷ ಮನೆ ವಿಸ್ತರಿಸುತ್ತಾನೆ, ಮದುವೆ ಮಾಡುತ್ತಾನೆ, ಹೊಸ ಎತ್ತು ಕೊಳ್ಳುತ್ತಾನೆ. ಹಳೆಯ ಸಾಮಾನು ಮೂಲೆ ಸೇರುತ್ತದೆ. ಬರದ ವರ್ಷ ಹೊಸ ಕೆಲಸವಿಲ್ಲ. ಮುರಿದ ನೇಗಿಲು ರಿಪೇರಿಯಾಗುತ್ತದೆ, ಮೂಲೆಯ ಹಳೆಯ ಕಬ್ಬಿಣ ಕುಡುಗೋಲಾಗುತ್ತದೆ.

ಜೀವಕೋಶದಲ್ಲೂ ಇಂಥ ಎರಡು ವ್ಯವಸ್ಥೆಗಳಿವೆ. ಊಟವಾದೊಡನೆ ಇನ್ಸುಲಿನ್ ಮತ್ತು ಅದಕ್ಕೆ ಸಂಬಂಧಿಸಿದ ಬೆಳವಣಿಗೆಯ ಹಾರ್ಮೋನುಗಳು ‘ಆಹಾರ ಬಂದಿದೆ’ ಎಂದು ಸುದ್ದಿ ಮುಟ್ಟಿಸುತ್ತವೆ. ಆಗ ‘ಟಾರ್’ ಎಂಬ ಪ್ರೋಟೀನು ಚುರುಕಾಗಿ, ಹೊಸ ಪ್ರೋಟೀನು ಕಟ್ಟಿ, ಬೆಳೆಯಿರಿ ಎಂದು ಆಜ್ಞೆ ಕೊಡುತ್ತದೆ. ಆಹಾರ ಕಡಿಮೆಯಾದಾಗ, ಇಲ್ಲವೆ ಮೈಮುರಿದು ದುಡಿದಾಗ, ಕೋಶದ ನಾಣ್ಯವಾದ ಎಟಿಪಿ ಖರ್ಚಾಗುತ್ತದೆ. ಇದನ್ನು ‘ಎಎಂಪಿಕೆ’ ಎಂಬ ಕಿಣ್ವ ತಕ್ಷಣ ಗುರುತಿಸಿ ಟಾರ್‌ನ ಬಾಯಿ ಮುಚ್ಚಿಸುತ್ತದೆ. ಆಗ ಸವೆದ ಮೈಟೊಕಾಂಡ್ರಿಯಗಳನ್ನೂ ಕೆಟ್ಟ ಪ್ರೋಟೀನುಗಳನ್ನೂ ಕೋಶವೇ ಒಡೆದು ಮರುಬಳಕೆ ಮಾಡಿಕೊಳ್ಳುತ್ತದೆ. ‘ಆಟೊಫೇಜಿ’ ಎಂಬ ಈ ಸ್ವಚ್ಛತಾ ಕಾರ್ಯದ ವಂಶವಾಹಿಗಳನ್ನು ಯೀಸ್ಟ್‌ನಲ್ಲಿ ಪತ್ತೆಹಚ್ಚಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಹುಮಾನ ಬಂದಿತು.

ಬೆಳವಣಿಗೆ, ದುರಸ್ತಿ ಎರಡೂ ಬೇಕು. ಹೊತ್ತುಹೊತ್ತಿಗೂ ತಿನ್ನುತ್ತ, ಕೂತಲ್ಲೇ ಕೂತಿದ್ದರೆ ದುರಸ್ತಿಗೆ ಸರದಿಯೇ ಬರುವುದಿಲ್ಲ. ಸವಕಲು ಸಾಮಾನು ಒಳಗೇ ಉಳಿದು ಮುಪ್ಪು ಬೇಗ ಅಡಿಯಿಡುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ.

ಇಲಿ, ಹುಳು ಮತ್ತು ಮಂಗ

ಆಹಾರ ಕಡಿಮೆ ಮಾಡಿದ ಇಲಿಗಳು ಹೆಚ್ಚು ಕಾಲ ಬದುಕಿದವೆಂದು ಅಮೆರಿಕದ ಕ್ಲೈವ್ ಮೆಕೇ 1935ರಲ್ಲಿಯೇ ವರದಿ ಮಾಡಿದ್ದರು. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಒಂದು ವಂಶವಾಹಿ ಬದಲಾದರೆ ಅದರ ಆಯುಸ್ಸು ಇಮ್ಮಡಿಯಾಗುವುದೆಂದು ತೋರಿಸಿತು. ಆ ವಂಶವಾಹಿ ನಮ್ಮ ಇನ್ಸುಲಿನ್ ವ್ಯವಸ್ಥೆಯ ಹತ್ತಿರದ ಬಂಧು! 2009ರಲ್ಲಿ, ಟಾರ್ ಅನ್ನು ತಡೆಯುವ ರಾಪಾಮೈಸಿನ್ ಔಷಧವನ್ನು ಮುದಿ ಇಲಿಗಳಿಗೆ ಕೊಟ್ಟಾಗಲೂ ಅವುಗಳ ಆಯುಸ್ಸು ಹೆಚ್ಚಿತು.

ಆದರೆ ಮಂಗಗಳ ವಿಷಯ ಅಷ್ಟು ಸರಳವಾಗಲಿಲ್ಲ. ಅಮೆರಿಕದ ಒಂದು ಕೇಂದ್ರದಲ್ಲಿ ಮಿತಾಹಾರದ ಮಂಗಗಳು ಹೆಚ್ಚು ಕಾಲ ಬದುಕಿದವು; ಇನ್ನೊಂದರಲ್ಲಿ ಆಯುಸ್ಸು ಹೆಚ್ಚಲಿಲ್ಲ. ಮನುಷ್ಯರಲ್ಲಿ ಎರಡು ವರ್ಷ ನಡೆದ ಪ್ರಯೋಗವೊಂದರಲ್ಲಿ ಶೇ. 25ರಷ್ಟು ಆಹಾರ ಕಡಿಮೆ ಮಾಡುವ ಗುರಿಯಿತ್ತು. ಸಾಧ್ಯವಾದದ್ದು ಸುಮಾರು ಶೇ. 12. ಅಷ್ಟಕ್ಕೇ ರಕ್ತದೊತ್ತಡ, ಕೊಲೆಸ್ಟರಾಲ್ ಇಳಿದವು. ಅವರ ಆಯುಸ್ಸು ಹೆಚ್ಚುವುದೇ ಎಂಬುದನ್ನು ಎರಡು ವರ್ಷದ ಪ್ರಯೋಗ ಹೇಳಲಾರದು.

ಮೈಸೂರಿನ ಹಳೆಯ ಕಡತಗಳು

ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು 1902ರಲ್ಲಿ, ಚಿತ್ರದುರ್ಗದಲ್ಲಿ ನಿಧನರಾದದ್ದು 2000ದಲ್ಲಿ. ಇಂಥ ತುಂಬು ಬಾಳು ಕಂಡವರ ಗುಟ್ಟೇನೆಂದು ಎಲ್ಲರಿಗೂ ಕುತೂಹಲ. ಆದರೆ ಒಬ್ಬರ ದೀರ್ಘಾಯುಸ್ಸಿನಿಂದ ವಿಜ್ಞಾನ ತೀರ್ಮಾನಕ್ಕೆ ಬರಲಾರದು. ನೂರಾರು ಜನರನ್ನು ಅಳೆಯಬೇಕು, ಹಲವು ವರ್ಷ ಕಾಯಬೇಕು.

ಅಂಥ ಅವಕಾಶ ನಮ್ಮ ನಾಡಿನಲ್ಲಿಯೇ ಒದಗಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಸಿಬ್ಬಂದಿ ಶ್ರದ್ಧೆಯಿಂದ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಕಡತಗಳನ್ನು ಹಿಡಿದು, ಆಗ ನಡುವಯಸ್ಸು ತಲುಪಿದ್ದ ಆ ‘ಮಕ್ಕಳನ್ನು’ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋಗೂ ಮೇಲ್ಪಟ್ಟು ತೂಗಿದ್ದವರಲ್ಲಿ ಕೇವಲ ಶೇ. 3. ತಾಯಿಯೂ ಕೃಶಳಾಗಿದ್ದ ಕಡೆ ಕಾಯಿಲೆ ಮತ್ತಷ್ಟು ಹೆಚ್ಚು.

ಗರ್ಭದಲ್ಲಿಯೇ ಬರ ಕಂಡ ಶಿಶುವಿನ ದೇಹ ಮುಂದೆಯೂ ಬರವೇ ಎಂದು ಲೆಕ್ಕ ಹಾಕಿ ಜಿಪುಣತನ ಕಲಿಯುತ್ತದೆ. ಸಿಕ್ಕಿದ್ದನ್ನೆಲ್ಲ ಕೊಬ್ಬಾಗಿ ಕೂಡಿಡುತ್ತದೆ. ದೊಡ್ಡವನಾದ ಮೇಲೆ ಆಹಾರ ಹೇರಳವಾದರೆ ಆ ಲೆಕ್ಕ ತಪ್ಪುತ್ತದೆ ಎಂಬುದು ವಿಜ್ಞಾನಿಗಳು ಮುಂದಿಟ್ಟಿರುವ ಒಂದು ವಿವರಣೆ. ಆ ಕಡತಗಳಲ್ಲಿದ್ದವರು ಮುಪ್ಪಿಗೆ ಕಾಲಿಟ್ಟಾಗ ಅವರ ನೆನಪಿನ ಶಕ್ತಿ, ಆರೋಗ್ಯಗಳ ಅಧ್ಯಯನವೂ ಮುಂದುವರಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರಲ್ಲಿ, 45 ವರ್ಷ ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಉದ್ದೇಶದಿಂದ ಇಂಥದೇ ಅಧ್ಯಯನ ಕೈಗೊಂಡಿದೆ. ಅದೂ ಚಿತ್ರದುರ್ಗದಂತೆ ಒಣಭೂಮಿ, ಅಲ್ಲೂ ರಾಗಿಯೇ ಊಟ.

ದುರ್ಗದ ಸೀಮೆಗೆ ಪಾಠ

ಹೊಸದುರ್ಗದ ಕೆಂಪು ನೆಲದಲ್ಲಿ ಸಾವೆ, ನವಣೆ, ರಾಗಿ ಬೆಳೆದವರು ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ದುಡಿದು ಅದನ್ನೇ ಉಂಡರು. ಈಗ ಹಳ್ಳಿಯಲ್ಲೂ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಬೇಕರಿ ತಿಂಡಿ, ಹೊಲಕ್ಕೆ ಹೋಗಲೂ ಬೈಕು. ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಕೊಳವೆ ಬಾವಿಯ ನೀರು ಹಾಯಿಸಲು ಗುಂಡಿ ಒತ್ತಿದರಾಯಿತು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು.

ಹಾಗೆಂದು ಹಿಂದಿನದೆಲ್ಲ ಸ್ವರ್ಗವಾಗಿತ್ತೆಂದು ಭಾವಿಸಬಾರದು. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಹಸಿವು ಬೇರೆ, ಮಿತಾಹಾರ ಬೇರೆ. ಪ್ರಯೋಗದ ಇಲಿಗಳಿಗೂ ಕ್ಯಾಲೊರಿ ಕಡಿಮೆ ಮಾಡಿದ್ದರೇ ಹೊರತು ಪ್ರೋಟೀನು, ವಿಟಮಿನ್ನು, ಲವಣಗಳ ಕೊರತೆಯಾಗಲು ಬಿಟ್ಟಿರಲಿಲ್ಲ. ಸಿರಿಧಾನ್ಯವೆಂದು ಮಿತಿಮೀರಿ ಉಂಡರೂ ಸಕ್ಕರೆ ಏರುತ್ತದೆ. ನಾರಿನಂಶವಿರುವುದರಿಂದ ಏರಿಕೆ ನಿಧಾನ ಎಂಬುದಷ್ಟೇ ಲಾಭ.

‘ಒಪ್ಪೊತ್ತು ಉಂಡವ ಯೋಗಿ’ ಎಂಬ ಗಾದೆಯನ್ನು ಬೆಳೆಯುವ ಮಕ್ಕಳಿಗೆ ಅನ್ವಯಿಸುವುದು ದೊಡ್ಡ ತಪ್ಪು. ಅವರ ಮೂಳೆ, ಸ್ನಾಯು, ಮಿದುಳು ಕಟ್ಟುವ ಕಾಲವಿದು. ಟಾರ್ ಈಗ ಕೆಲಸ ಮಾಡಲೇಬೇಕು. ಪರೀಕ್ಷೆಯ ಹೆಸರಿನಲ್ಲಿ ಬೆಳಗಿನ ಊಟ ಬಿಡುವುದು, ತೆಳ್ಳಗಾಗಲೆಂದು ಹೆಣ್ಣುಮಕ್ಕಳು ಉಪವಾಸ ಮಾಡುವುದು ಸಲ್ಲದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಜೊತೆಗೆ ಕಾಳು, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಇರಲಿ. ಇಂದು ಮನೆಯ ಹುಡುಗಿಯ ತಟ್ಟೆಯಲ್ಲಿ ಮಾಡಿದ ಉಳಿತಾಯಕ್ಕೆ ಮುಂದೆ ಅವಳ ಮಗುವಿನ ಹೃದಯ ಬಡ್ಡಿ ತೆರಬೇಕಾದೀತು. ಮೈಸೂರಿನ ಕಡತಗಳು ಕೊಡುವ ಎಚ್ಚರಿಕೆ ಇದೇ.

ತಂದೆತಾಯಿಯರ ಮಾತು ಬೇರೆ. ನಲವತ್ತು ದಾಟಿದವರು ರಾತ್ರಿಯ ಊಟ ಬೇಗ ಮುಗಿಸಿ, ನಡುನಡುವೆ ಬಾಯಾಡಿಸುವುದನ್ನು ಬಿಟ್ಟು, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಒಳ್ಳೆಯದು. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಎಎಂಪಿಕೆಯನ್ನು ಎಬ್ಬಿಸಲು ಅದಕ್ಕಿಂತ ಅಗ್ಗದ ಔಷಧ ಇಲ್ಲ. ಈಗಾಗಲೇ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸಕ್ಕೆ ಇಳಿಯಬಾರದು.

ಮುಪ್ಪನ್ನು ತಡೆಯುವ ಗುಳಿಗೆ ಇನ್ನೂ ಯಾವ ಅಂಗಡಿಯಲ್ಲೂ ಇಲ್ಲ. ಇದೆಯೆಂದು ಮಾರುವವರನ್ನು ನಂಬಬೇಕಿಲ್ಲ. ಮುಪ್ಪು ಎಲ್ಲರಿಗೂ ಬಂದೇ ಬರುತ್ತದೆ. ಕೋಲು ಹಿಡಿಯದೆ, ಮೊಮ್ಮಕ್ಕಳ ಕೈ ಹಿಡಿದು ಕೋಟೆಯ ಮೆಟ್ಟಿಲು ಹತ್ತುವಂಥ ಮುಪ್ಪು ಬೇಕಾದರೆ ಅದರ ತಯಾರಿ ತಾಯಿಯ ಗರ್ಭದಲ್ಲಿ ಆರಂಭವಾಗಿ ಪ್ರತಿದಿನದ ತಟ್ಟೆಯಲ್ಲಿ ಮುಂದುವರಿಯಬೇಕು.